ಷಮೀಮ್ ಹೊಡೆದುಹಾಕಿದ ಸಾಲುಗಳು

"ನಿಲ್ಸಿ. ಅದು ನಾನು ಬರೆದಿದ್ದಲ್ಲ."

ನೂಲು ಬಿಚ್ಚುವ ಷೆಡ್ಡಿನ ಬಾಗಿಲಿಂದ ಬಂದ ಮಾತಿಗೆ ಷಮೀಮ್ ಪತ್ರಿಕೆಯಿಂದ ತಲೆ ಎತ್ತಿದಳು. ಆವಿಯ ನಡುವೆ ಮೊದಲು ಕಂಡದ್ದು ದಪ್ಪ ಕನ್ನಡಕ, ಆಮೇಲೆ ಇಸ್ತ್ರಿ ಮಾಡಿದ ಬಿಳಿ ಶರಟು, ಕೊನೆಗೆ ಸಿಟ್ಟು.

"ಯಾರು ನೀವು?"

"ನೀವು ಓದ್ತಾ ಇದ್ದೀರಲ್ಲ, ಅದನ್ನ ಬರೆಯೋನು. ಸಾದಿಕ್ ಪಾಷಾ. ಒಂದೂವರೆ ಪುಟ ಬರೆದಿದ್ದೆ. ನೀವು ಮೂರು ನಿಮಿಷಕ್ಕೆ ಕೊನೆಗೆ ಬಂದ್ಬಿಟ್ರಿ. ಮಿಕ್ಕಿದ್ದು ಎಲ್ಲಿ?"

ಷಮೀಮ್ ಪತ್ರಿಕೆಯನ್ನು ಮಡಿಲಿಗೆ ಇಳಿಸಿದಳು. ಅಯ್ಯೋ... ಇವರು ಇಲ್ಲಿಗೇ ಬರಬೇಕಿತ್ತಾ?

ಇದು 1986ರ ಮಾತು. ಶಿಡ್ಲಘಟ್ಟದ ಅಬ್ದುಲ್ ಸತ್ತಾರ್ ಸಾಹೇಬರ ಷೆಡ್ಡಿನಲ್ಲಿ ಹನ್ನೆರಡು ಹೆಂಗಸರು ಬೆಳಗಿನಿಂದ ಸಂಜೆವರೆಗೆ ಸುಡುವ ನೀರಿನಲ್ಲಿ ಕೈಯಿಟ್ಟು, ಬೆಂದ ರೇಷ್ಮೆಗೂಡಿನಿಂದ ಎಳೆ ತೆಗೆಯುತ್ತಿದ್ದರು. ಷಮೀಮಳ ತಾಯಿ ಮೆಹಬೂಬ್ ಬೀ ಅವರಲ್ಲೊಬ್ಬಳು. ಷಮೀಮಳಿಗೂ ಅದೇ ಕೆಲಸ ಕಾದಿತ್ತು. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ವಾರದಲ್ಲೇ ಆ ನೀರಿಗೆ ಅವಳ ಕೈತುಂಬ ಬೊಬ್ಬೆ ಎದ್ದವು. ಹಾಗಾಗಿ ಬಾಗಿಲ ಬಳಿ ಕೂತು ಒಣಗಿದ ನೂಲನ್ನು ಸುರುಳಿ ಸುತ್ತಿ ಲಡಿ ಕಟ್ಟುವುದು, ನಡುನಡುವೆ ಎಲ್ಲರಿಗೂ ಕೇಳುವ ಹಾಗೆ ಪತ್ರಿಕೆ ಓದುವುದು ಅವಳ ಪಾಲಿಗೆ ಬಂತು. ಕಿವಿಗೆ ಏನಾದರೂ ಬೀಳುತ್ತಿದ್ದರೆ ಹೆಂಗಸರು ತೂಕಡಿಸುವುದಿಲ್ಲ ಎಂಬುದು ಸಾಹೇಬರ ಜಾಣತನ.

ಚಿಂತಾಮಣಿಯಿಂದ ಪ್ರತಿ ಶುಕ್ರವಾರ 'ಹಿಪ್ಪುನೇರಳೆ' ಎಂಬ ವಾರಪತ್ರಿಕೆ ಬರುತ್ತಿತ್ತು. ಅದರ ಪ್ರೆಸ್ಸಿನಲ್ಲಿ ಸಾದಿಕ್ ಅಚ್ಚುಮೊಳೆ ಜೋಡಿಸುವ ಕೆಲಸಗಾರ, ವಾರಕ್ಕೊಮ್ಮೆ ಅಂಕಣಕಾರ. ಊರೂರು ಸುತ್ತಿ ಕಂಡದ್ದನ್ನು ಬರೆಯುತ್ತಿದ್ದ. ಬರೆಯುವುದೇನೋ ನಿಜವನ್ನೇ, ಆದರೆ ಅವನ ವಾಕ್ಯ ಕೈವಾರದಲ್ಲಿ ಹೊರಟರೆ ಕೆಂಚಾರ್ಲಹಳ್ಳಿ ದಾಟಿದ ಮೇಲೆ ನಿಲ್ಲುತ್ತಿತ್ತು. ಸತ್ತಾರ್ ಸಾಹೇಬರ ಷೆಡ್ಡಿನ ಹೆಂಗಸರಿಗೆ ತನ್ನ ಅಂಕಣ ಬಾಯಿಪಾಠ ಎಂದು ಯಾರೋ ಹೇಳಿದ್ದನ್ನು ಕೇಳಿ, ಹೊಗಳಿಸಿಕೊಳ್ಳೋಣ ಎಂದು ಶರಟಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ. ಪಾಪ.

"ಪೂರ್ತಿ ಓದ್ಲಾ?" ಷಮೀಮ್ ಕೇಳಿದಳು.

"ಓದಿ."

ಓದಿದಳು. ಒಂದಕ್ಷರ ಬಿಡದೆ ಓದಿದಳು. ದಿಬ್ಬೂರಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು, ಅವಳ ಮಗುವಿನ ಜ್ವರ, ಬತ್ತಿದ ಬಾವಿ, ಬಾವಿ ತೋಡಿದ ಅಜ್ಜನ ಚರಿತ್ರೆ, ನಡುವೆ ಎರಡು ಗಾದೆ, ಮತ್ತೆ ಸಾವು. ಅರ್ಧ ಪುಟಕ್ಕೆ ನೂಲು ತೆಗೆಯುತ್ತಿದ್ದ ಗಂಗುಲಮ್ಮನ ಕಣ್ಣು ತುಂಬಿ ಎಳೆ ಕಾಣದೆ ಕೈ ತಪ್ಪಿತು. ಮುಕ್ಕಾಲು ಪುಟಕ್ಕೆ ಮೂಲೆಯ ಇಬ್ಬರು ತೂಕಡಿಸಿದರು. ಒಳಗಿನಿಂದ ಸತ್ತಾರ್ ಸಾಹೇಬರ ಕೂಗು ಬಂತು.

"ಏ ಷಮೀಮ್, ಏನು ಓದ್ತಾ ಇದ್ದೀಯೇ ಅಲ್ಲಿ? ಆರು ಕಡೆ ಎಳೆ ಕಡೀತು."

ಷಮೀಮ್ ಪತ್ರಿಕೆ ಮಡಿಸಿದಳು.

"ನೋಡಿದ್ರಲ್ಲ? ಸಪ್ಪೆ ಆದ್ರೆ ಇವರಿಗೆ ನಿದ್ದೆ ಬರುತ್ತೆ. ಜಾಸ್ತಿ ಆದ್ರೆ ಕಣ್ಣೀರು ಬಂದು ಎಳೆ ಕಡಿಯುತ್ತೆ. ಬೈಸಿಕೊಳ್ಳೋರು ಇವರು, ನೀವಲ್ಲ. ಅದಕ್ಕೇ ನಾನು ಒಂದು ಸಲಕ್ಕೆ ಒಂದೇ ದುಃಖ ಓದ್ತೀನಿ."

ಗಂಗುಲಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಸಾದಿಕನನ್ನು ಸಮಾಧಾನ ಮಾಡಿದಳು. "ಬೇಜಾರು ಮಾಡ್ಕೋಬೇಡಪ್ಪ. ನೀನು ಶಾನೆ ಚೆನ್ನಾಗಿ ಬರೀತೀಯ. ನಮ್ಮ ಷಮೀಮಮ್ಮ ಓದಿದ್ರೆ ಇನ್ನೂ ಚೆನ್ನಾಗಿ ಬರೀತೀಯ."

ಷೆಡ್ಡಿಗೆ ಷೆಡ್ಡೇ ನಕ್ಕಿತು. ಅವನು ಕನ್ನಡಕ ಒರೆಸಿಕೊಳ್ಳುತ್ತಾ ಹೊರಟುಹೋದ. ಷಮೀಮಳಿಗೆ ಗೆದ್ದೆ ಅನ್ನಿಸಲಿಲ್ಲ. ಅಷ್ಟು ಜನರೆದುರು ಹಾಗೆ ಹೇಳಬಾರದಿತ್ತು... ಎಂದು ಅವನ ಬೆನ್ನನ್ನೇ ನೋಡುತ್ತಾ ಕೂತಳು.

ಮುಂದಿನ ಬುಧವಾರ ಚಿಂತಾಮಣಿ ಬಸ್ಸಿನ ಕಂಡಕ್ಟರ್ ಆವಲಪ್ಪ ಷೆಡ್ಡಿನ ಬಾಗಿಲಿಗೆ ಬಂದು ಒಂದು ಲಕೋಟೆ ಕೊಟ್ಟ. ಒಳಗೆ ಆ ವಾರದ ಅಂಕಣದ ಪ್ರೂಫು, ಜೊತೆಗೆ ಒಂದು ಚೀಟಿ. 'ಅಚ್ಚಾಗುವ ಮೊದಲೇ ಹೊಡೆದುಹಾಕಿ. ಆಮೇಲೆ ಹೊಡೆದರೆ ನೋವಾಗುತ್ತದೆ.'

ಷಮೀಮ್ ಚೀಟಿಯನ್ನು ನಾಲ್ಕು ಸಲ ಓದಿದಳು. ಆಮೇಲೆ ಪೆನ್ಸಿಲು ಹುಡುಕಿದಳು.

ಹೀಗೆ ಶುರುವಾದದ್ದು ಒಂದು ವರ್ಷ ನಡೆಯಿತು. ಬುಧವಾರ ಪ್ರೂಫು ಬರುತ್ತಿತ್ತು, ಅವಳು ಗೀಟು ಹಾಕಿ ಮರುದಿನದ ಮೊದಲ ಬಸ್ಸಿಗೆ ಕಳಿಸುತ್ತಿದ್ದಳು. ಅವನು ತಿಂಗಳಿಗೊಮ್ಮೆ ಗೂಡಿನ ಮಾರುಕಟ್ಟೆಯ ಸುದ್ದಿಗೆಂದು ಊರಿಗೆ ಬಂದಾಗ ಷೆಡ್ಡಿನ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದ. ಇಬ್ಬರ ಮನೆಮಾತೂ ಉರ್ದುವೇ. ಆದರೂ ಬರಹದ ಮಾತು ಬಂದರೆ ಇಬ್ಬರ ಬಾಯಿಗೂ ಕನ್ನಡವೇ ಬರುತ್ತಿತ್ತು.

"ಇಲ್ಲಿ ಐದು ಜನರ ಹೆಸರು ಹೇಳಿದ್ದೀರ. ಗಂಗುಲಮ್ಮ ಮೂರನೇ ಹೆಸರಿಗೇ ಮೊದಲನೇದು ಮರೀತಾಳೆ."

"ಐದು ಜನಾನೂ ಇದ್ರಲ್ಲ ಅಲ್ಲಿ?"

"ಇರ್ಲಿ ಬಿಡಿ. ಊಟಕ್ಕೆ ಕರೀತಿದ್ದೀರಾ ಎಲ್ಲರನ್ನೂ?"

ಅವನು ನಗುತ್ತಿದ್ದ. ನಕ್ಕರೆ ಆ ದಪ್ಪ ಕನ್ನಡಕದ ಹಿಂದೆ ಕಣ್ಣೇ ಕಾಣುತ್ತಿರಲಿಲ್ಲ. ಷಮೀಮ್ ಲಡಿಯ ಗಂಟು ಬಿಗಿಯುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು. ಇವರು ಹೀಗೆ ನಗಬಾರದು... ಗಂಟು ತಪ್ಪುತ್ತೆ ನನಗೆ.

ಅಂಕಣ ಚಿಕ್ಕದಾಯಿತು, ಚೊಕ್ಕದಾಯಿತು. ನಂದಿಯಿಂದ, ಗೌರಿಬಿದನೂರಿನಿಂದ ಓದುಗರ ಕಾಗದ ಬರತೊಡಗಿದವು. ಸಾದಿಕ್ ಪಾಷಾರ ಕೈ ಪಳಗಿದೆ ಎಂದು ಪ್ರೆಸ್ಸಿನ ಮಾಲೀಕ ಚನ್ನಕೇಶವ ಎಲ್ಲರ ಮುಂದೆ ಬೆನ್ನು ತಟ್ಟಿದ. ಪಳಗಿಸಿದ ಕೈ ಯಾರದು ಎಂದು ಯಾರೂ ಕೇಳಲಿಲ್ಲ. ಸಾದಿಕ್ ಹೇಳಲೂ ಇಲ್ಲ.

ಆದರೆ ಒಂದು ಕೆಲಸ ಮಾಡಿದ. ಪ್ರತಿ ವಾರದ ಪ್ರೂಫಿನಲ್ಲೂ ಎಲ್ಲೋ ಒಂದು ಕಡೆ, ಅಂಕಣಕ್ಕೆ ಸಂಬಂಧವೇ ಇಲ್ಲದ ಒಂದು ಸಾಲು ಸೇರಿಸುತ್ತಿದ್ದ. 'ಶಿಡ್ಲಘಟ್ಟದ ಬಸ್ಸು ತಡವಾದರೆ ಚಿಂತಾಮಣಿಯಲ್ಲಿ ಒಬ್ಬನ ಊಟ ತಡವಾಗುತ್ತದೆ.' ಇನ್ನೊಂದು ವಾರ, 'ಲಡಿ ಕಟ್ಟುವವರು ತಲೆ ಎತ್ತದಿದ್ದರೆ ಬಂದವರು ಏನನ್ನು ನೋಡಿಕೊಂಡು ಹೋಗಬೇಕು?'

ಓದಿದಾಗ ಷಮೀಮಳ ಕಿವಿ ಬಿಸಿಯಾಗುತ್ತಿತ್ತು. ಇದನ್ನ ಹನ್ನೆರಡು ಜನರ ಮುಂದೆ, ಅಮ್ಮಿಯ ಮುಂದೆ ಹೇಗಪ್ಪಾ ಓದಲಿ? ಪೆನ್ಸಿಲಿನಿಂದ ಗೀಟೆಳೆದು ಪಕ್ಕದಲ್ಲಿ ಬರೆಯುತ್ತಿದ್ದಳು: 'ಓದುಗರಿಗೆ ಬೇಡ.' ಮೂರು ತಿಂಗಳು, ಪ್ರತಿ ಸಲವೂ ಅಷ್ಟೇ. ಆ ಮೂರು ತಿಂಗಳು ಅವಳು ಬಾಯಿಪಾಠ ಮಾಡಿದ್ದು ಆ ಸಾಲುಗಳನ್ನು ಮಾತ್ರ ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಬೇಡ ಅಂದರೆ ಬೇಡ ಎಂದುಕೊಂಡ. ಮೂರು ತಿಂಗಳಾದ ಮೇಲೆ ಆ ಸಾಲುಗಳು ನಿಂತವು. ಷಮೀಮ್ ಪ್ರೂಫನ್ನು ತಿರುವಿ ತಿರುವಿ ಹುಡುಕಿದಳು. ಸಿಗಲಿಲ್ಲ.

ಆ ಬೇಸರದಲ್ಲೇ ಒಂದು ಮಧ್ಯಾಹ್ನ ಅವಳೇ ಬರೆಯಲು ಕೂತಳು.

ಬೇರೆಯವರ ಸಾಲು ಹೊಡೆಯುವುದಕ್ಕೂ ತಾನೇ ಬರೆಯುವುದಕ್ಕೂ ಅಜಗಜಾಂತರ. ಆದರೂ ಬರೆದಳು. ಒಂದೇ ಪುಟ. ಒಂದೇ ದುಃಖ. 'ನನ್ನ ಅಮ್ಮಿ ಹನ್ನೊಂದು ವರ್ಷದಿಂದ ನನ್ನ ತಲೆ ಸವರಿಲ್ಲ. ಸವರಿದರೆ ನನ್ನ ಕೂದಲು ಅವಳ ಬೆರಳಿನ ಬಿರುಕಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮೊಣಕೈಯಿಂದ ನನ್ನನ್ನು ಹತ್ತಿರ ಎಳೆದುಕೊಳ್ಳುತ್ತಾಳೆ.' ಹಾಗೆ ಶುರುವಾಗಿತ್ತು. ಕೊನೆಯಲ್ಲಿ ತನ್ನ ಹೆಸರು, ಊರು. ಆವಲಪ್ಪನ ಕೈಗೆ ಕೊಡುವಾಗ ಲಕೋಟೆ ಬಿಡಲು ಮನಸ್ಸೇ ಬರಲಿಲ್ಲ.

ಎರಡು ದಿನಕ್ಕೆ ಉತ್ತರ ಬಂತು. 'ಈ ವಾರವೇ ಹಾಕುತ್ತೇವೆ.' ಅಷ್ಟೇ.

ಅವಳು ಯಾರಿಗೂ ಹೇಳಲಿಲ್ಲ. ಅಮ್ಮಿಗೆ ಓದು ಬರುವುದಿಲ್ಲ. ಷೆಡ್ಡಿನಲ್ಲಿ ಎಲ್ಲರ ಮುಂದೆ ಓದಬೇಕು, ಕೊನೆಗೆ ನಿಧಾನವಾಗಿ ತನ್ನ ಹೆಸರು ಓದಬೇಕು, ಆಗ ಅಮ್ಮಿಯ ಮುಖ ನೋಡಬೇಕು. ಆ ವಾರವೆಲ್ಲ ಅವಳು ಬದುಕಿದ್ದು ಆ ಒಂದು ಗಳಿಗೆಗಾಗಿ.

ಶುಕ್ರವಾರ ಬಂತು. ಪತ್ರಿಕೆ ಬಿಡಿಸಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. 'ರೇಷ್ಮೆ ಉಟ್ಟವರು ಅದನ್ನು ಬಿಚ್ಚಿದ ಕೈಗಳನ್ನು ನೆನೆಯುವುದಿಲ್ಲ...'

ಇದು ತಾನು ಬರೆದ ಏಳನೆಯ ಸಾಲು. ಮೊದಲಿನ ಆರು ಎಲ್ಲಿ?

ಓದುತ್ತಾ ಹೋದಳು. ಅಮ್ಮಿ ಇರಲಿಲ್ಲ. ಕೂದಲು ಇರಲಿಲ್ಲ. ಬಿರುಕು, ಮೊಣಕೈ ಯಾವುದೂ ಇರಲಿಲ್ಲ. ಉಳಿದದ್ದು ಚೆಂದದ ಮಾತುಗಳು. ಅವೂ ಅವಳವೇ, ಜೀವ ಮಾತ್ರ ಹೋಗಿತ್ತು. ಕಣ್ಣು ಕೊನೆಯ ಸಾಲಿಗೆ ಇಳಿಯಿತು. ಅಲ್ಲಿ ಇದ್ದ ಹೆಸರು ಸಾದಿಕ್ ಪಾಷಾ.

"ಯಾಕೆ ನಿಲ್ಲಿಸ್ದೆ ತಲ್ಲೀ? ಬರೆದೋರು ಯಾರು?" ಗಂಗುಲಮ್ಮ ಕೇಳಿದಳು.

ಷಮೀಮ್ ಅವನ ಹೆಸರನ್ನು ಓದಿದಳು. ಇಷ್ಟು ದಿನ ಓದಿದ ಹಾಗೆಯೇ, ಕೇಳುವಂತೆ ಓದಿದಳು. ನುಂಗಲಾರದ ತುತ್ತು ಎಂದರೆ ಏನೆಂದು ಅವಳಿಗೆ ಅವತ್ತು ಗೊತ್ತಾಯಿತು.

ಮೆಹಬೂಬ್ ಬೀ ನೀರಿನಿಂದ ಎರಡೂ ಕೈ ತೆಗೆದು ನೋಡಿಕೊಂಡಳು. "ಆ ಹುಡುಗ ನನ್ನ ಕೈ ನೋಡಿದ್ದಾನೆ ಬೇಟೀ," ಎಂದಳು. ಕಣ್ಣು ಹೊಳೆಯುತ್ತಿತ್ತು. "ಅಲ್ಲಾ ಅವನನ್ನ ಚೆನ್ನಾಗಿ ಇಟ್ಟಿರಲಿ."

ಮರುದಿನ ಸಾದಿಕ್ ತಾನೇ ಬಂದ. ಷಮೀಮ್ ಷೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಪತ್ರಿಕೆ ಮುಂದೆ ಹಿಡಿದಳು.

"ಆ ಬಿರುಕಿನ ಮಾತು ಅಚ್ಚಾಗಿದ್ರೆ ಸಾಹೇಬರು ನಿಮ್ಮ ಅಮ್ಮಿನ ಕೆಲಸದಿಂದ ತೆಗೀತಿದ್ರು ಷಮೀಮ್," ಅವನೇ ಅಂದ. "ನಿಮ್ಮ ಹೆಸರು ಹಾಕಿದ್ರೆ ನಿಮ್ಮನ್ನೂ. ಅದಕ್ಕೇ... ಎಳೆ ಕಡಿಯೋ ಸಾಲು ಬೇಡ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?"

"ನನ್ನ ಕೇಳಿದ್ರಾ?"

"ಮೊದಮೊದಲು ನೀವೂ ಕೇಳ್ದೇನೆ ಹೊಡೀತಿದ್ರಿ."

"ಹೌದು, ಹೊಡೀತಿದ್ದೆ. ಅರ್ಧಕ್ಕರ್ಧ ಹೊಡೀತಿದ್ದೆ. ಆದ್ರೆ ಕೊನೆಗೆ ನಿಮ್ಮ ಹೆಸರೇ ಓದ್ತಿದ್ದೆ."

ಅವನು ತಲೆ ತಗ್ಗಿಸಿದ. ನಲ್ಲಿ ತೊಟ್ಟಿಕ್ಕುತ್ತಿತ್ತು.

"ಹೋಗಿ. ಇನ್ಮೇಲೆ ಆವಲಪ್ಪನ ಕೈಲಿ ಏನೂ ಕಳಿಸಬೇಡಿ."

ಅವನು ಹೋದ. ತಿರುಗಿ ನೋಡುತ್ತಾನೆ ಅಂದುಕೊಂಡಳು. ನೋಡಲಿಲ್ಲ. ನೋಡುವ ಮುಖ ಇರಲಿಲ್ಲ ಅವನಿಗೆ. ಆವತ್ತಿನಿಂದ ಅವಳು ಷೆಡ್ಡಿನಲ್ಲಿ ಓದುವುದನ್ನು ನಿಲ್ಲಿಸಿದಳು. ಗಂಟಲು ಸರಿಯಿಲ್ಲ ಎಂದಳು. ಹೆಂಗಸರು ಒಂದಷ್ಟು ದಿನ ಕೇಳಿದರು, ಆಮೇಲೆ ಸಾಹೇಬರು ಒಂದು ರೇಡಿಯೋ ತಂದಿಟ್ಟರು.

ಐದು ವರ್ಷಗಳು ಸುಮ್ಮನೆ ಕಳೆದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೆಹಬೂಬ್ ಬೀಯ ಕೈ ಎಳೆ ಹಿಡಿಯಲಾಗದ ಹಾಗೆ ಕೆಟ್ಟಿತು. ಬಿರುಕಿನ ಸಾಲು ಅಚ್ಚಾಗದಿದ್ದರೂ ಸಾಹೇಬರು ಕೆಲಸ ಬಿಡಿಸಿದರು. ಮನೆಯಲ್ಲಿ ಕೂತ ಅಮ್ಮಿ ಆ ಪತ್ರಿಕೆಯ ಪುಟವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು. "ನನ್ನ ಕೈ ಬಗ್ಗೆ ಬರೆದಿದ್ದಾನೆ ಒಬ್ಬ ಹುಡುಗ." ಪಕ್ಕದಲ್ಲೇ ಕೂತ ಮಗಳು ಸುಮ್ಮನಿರುತ್ತಿದ್ದಳು. ಹೇಳಿಬಿಡಲೇ, ಅಮ್ಮಿ, ಅದು ನಾನು... ಎಂದು ಎಷ್ಟು ಸಲ ನಾಲಿಗೆಯ ತುದಿಗೆ ಬಂದಿತ್ತೋ. ಹೇಳಿದರೆ ಆ ಹುಡುಗನನ್ನು ಅಮ್ಮಿ ಶಪಿಸುತ್ತಾಳೆ. ಅದೂ ಬೇಕಿರಲಿಲ್ಲ ಅವಳಿಗೆ. ಇದಕ್ಕಿಂತ ಹಾಳು ಪ್ರೀತಿ ಇನ್ನೊಂದಿಲ್ಲ. 1991ರಲ್ಲಿ ಮೆಹಬೂಬ್ ಬೀ ತೀರಿಕೊಂಡಳು. ಕೊನೆಯವರೆಗೂ ಅವಳಿಗೆ ಗೊತ್ತಾಗಲಿಲ್ಲ.

ಷಮೀಮ್ ದಿಬ್ಬೂರಹಳ್ಳಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸಕ್ಕೆ ಸೇರಿದಳು. ನಲವತ್ತು, ಐವತ್ತು ವಯಸ್ಸಿಗೆ ಓದು ಕಲಿತವರಿಗೆ ಓದಲು ಏನು ಕೊಡುವುದು? ಪುಸ್ತಕ ಕೊಟ್ಟರೆ ಹೆದರುತ್ತಿದ್ದರು. ಅವಳು ಹತ್ತು ಸಾಲಿನ ಒಂದು ಗೋಡೆ ಪತ್ರಿಕೆ ಶುರು ಮಾಡಿದಳು. ದಪ್ಪ ಅಕ್ಷರ, ಚಿಕ್ಕ ಸಾಲು, ಒಂದೇ ವಿಷಯ. ಅಕ್ಕಯಮ್ಮ ಎಂಬ ಮುದುಕಿ ಹುಲ್ಲಿನ ಹೊರೆ ಇಳಿಸಿ, ಬೆರಳಿಟ್ಟು ಓದಿ, "ಆಮೇಲೇನಾಯ್ತಮ್ಮ?" ಎಂದು ಕೇಳಿದ ದಿನ ಷಮೀಮ್ ಎಷ್ಟೋ ವರ್ಷಗಳ ಮೇಲೆ ಮನಸಾರೆ ನಕ್ಕಳು. ಕೈಬರಹದ ಆ ಹಾಳೆ ಅಕ್ಕಪಕ್ಕದ ಹಳ್ಳಿಗಳಿಗೂ ಬೇಕಾಯಿತು. ಅಚ್ಚು ಹಾಕಿಸಲು ಸಾಕ್ಷರತೆಯ ಕಚೇರಿಯವರು ಅವಳನ್ನು ಕಳಿಸಿದ್ದು ಚಿಂತಾಮಣಿಯ ಅದೇ ಪ್ರೆಸ್ಸಿಗೆ.

ಬೇರೆ ಯಾರನ್ನಾದರೂ ಕಳಿಸಿ ಎಂದು ಕೇಳಿಕೊಂಡಳು. ಪ್ರೂಫು ನೋಡಲು ಬರೆದವರೇ ಹೋಗಬೇಕು ಎಂದರು.

ಹೋದಳು. ಬಸ್ಸಿನಲ್ಲಿ ಕೂತಾಗ, ಅವರು ಅಲ್ಲಿ ಇಲ್ಲದೆ ಹೋದರೆ ಸಾಕು ಎಂದುಕೊಂಡಳು. ಇಳಿಯುವಾಗ, ಇಲ್ಲದೆ ಹೋದರೆ... ಎಂದು ಮೆಟ್ಟಿಲಲ್ಲೇ ನಿಂತಳು.

ಇದ್ದ. ಕೂದಲು ಅಲ್ಲಲ್ಲಿ ನರೆತಿತ್ತು. ಗೋಡೆಗೆ ಮದುವೆ ಕಾರ್ಡುಗಳ ಮಾದರಿ ನೇತುಹಾಕಿತ್ತು. ಅವಳನ್ನು ನೋಡಿ ಎದ್ದು ನಿಂತ, ಒದ್ದೆ ಶಾಯಿಯ ಹಾಳೆ ಮುಂದಿಟ್ಟ.

ಷಮೀಮ್ ಓದಿದಳು. ಹತ್ತಕ್ಕೆ ಹತ್ತೂ ಸಾಲು ಇದ್ದವು. ಕೆಳಗೆ 'ಷಮೀಮ್, ಶಿಡ್ಲಘಟ್ಟ' ಎಂದು ಸಾಲುಗಳಿಗಿಂತ ದಪ್ಪ ಅಕ್ಷರದಲ್ಲಿ ಇತ್ತು.

"ಹೆಸರು ಇಷ್ಟು ದಪ್ಪ ಬೇಡ," ಎಂದಳು.

"ಇರ್ಲಿ."

"'ಹಿಪ್ಪುನೇರಳೆ' ನಿಂತೋಯ್ತಂತೆ?"

"ಎರಡು ವರ್ಷ ಆಯ್ತು. ನಾನು ಬರೆಯೋದು ನಿಲ್ಲಿಸಿದ್ದು ಅದಕ್ಕಿಂತ ಮುಂಚೆ. ನೀವು ಹೋಗಿ ಅಂದ ದಿನಾನೇ."

ಒಳಗೆ ಯಂತ್ರ ತಿರುಗುವ ಸದ್ದು. ಸಾದಿಕ್ ಶಾಯಿಯ ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತಲೇ ಇದ್ದ.

"ಅವತ್ತು ನಲ್ಲಿ ಹತ್ರ ಹೇಳಿದ್ದು ಪೂರ್ತಿ ನಿಜ ಅಲ್ಲ," ಎಂದ ಕೊನೆಗೆ. "ಸಾಹೇಬರ ಭಯ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಅದನ್ನ ಮುಂದಿಟ್ಟುಕೊಂಡು ಇನ್ನೊಂದನ್ನ ಮುಚ್ಚಿದೆ. ಆ ಕೂದಲಿನ ಸಾಲು ಓದ್ದೆ ನೋಡಿ... ಎಂಟು ವರ್ಷದಿಂದ ನಾನು ಬರೆದದ್ದೆಲ್ಲ ಸಪ್ಪೆ ಅನ್ನಿಸ್ತು. ಹೊಟ್ಟೆಕಿಚ್ಚು ಷಮೀಮ್. ಮೊಳೆ ಜೋಡಿಸ್ತಾ ಆ ಸಾಲು ಬಿಟ್ಟೆ. ಕೊನೆಗೆ ಹೆಸರು ಬಂದಾಗ ಕೈ ನನ್ನ ಹೆಸರನ್ನೇ ಜೋಡಿಸ್ತು. ನೀವೂ ನನ್ನ ಬೇಡ ಅಂದಿದ್ರಲ್ಲ, ಆ ಸಿಟ್ಟೂ ಇತ್ತೇನೋ."

"ನಾನು ಯಾವಾಗ ಬೇಡ ಅಂದೆ?"

"ಪ್ರತಿ ವಾರ. ಪೆನ್ಸಿಲಲ್ಲಿ ಬರೀತಿದ್ರಲ್ಲ."

ಷಮೀಮ್ ಅವನನ್ನೇ ನೋಡಿದಳು. ಐದು ವರ್ಷ. ಐದು ವರ್ಷ ಇದನ್ನು ಹೊತ್ತುಕೊಂಡು ಕೂತಿದ್ದಾನೆ ಈ ದಡ್ಡ.

"ಓದುಗರಿಗೆ ಬೇಡ ಅಂತ ಬರೆದಿದ್ದೆ," ಎಂದಳು. "ನನಗೆ ಬೇಡ ಅಂತ ಬರೆದಿರಲಿಲ್ಲ."

ಅವನು ಮೆಲ್ಲಗೆ ಸ್ಟೂಲಿನ ಮೇಲೆ ಕೂತುಬಿಟ್ಟ. ಮುಖದಲ್ಲಿ ಸಂತೋಷ ಬರುವ ಮೊದಲೇ ಅವಳು ಮಾತು ಮುಂದುವರಿಸಿದಳು. ಇದನ್ನೂ ಕೇಳಿಸಿಕೊಳ್ಳಲಿ.

"ಅಮ್ಮಿ ಹೋದ ವರ್ಷ ತೀರಿಕೊಂಡ್ರು. ಕೊನೆವರೆಗೂ ನಿಮಗೇ ದುವಾ ಮಾಡ್ತಿದ್ರು. ತನ್ನ ಕೈ ಬಗ್ಗೆ ಬರೆದೋನು ಚೆನ್ನಾಗಿರ್ಲಿ ಅಂತ. ನಾನು ಪಕ್ಕದಲ್ಲಿ ಕೂತು ಆಮೀನ್ ಅಂತಿದ್ದೆ."

ಸಾದಿಕ್ ಕನ್ನಡಕ ತೆಗೆದ. ಅಳುತ್ತಿದ್ದ. ಮುಚ್ಚಿಕೊಳ್ಳಲು ನೋಡಲೂ ಇಲ್ಲ.

"ನಾನು ಏನು ಮಾಡ್ಲಿ ಈಗ?"

"ಏನೂ ಮಾಡಕ್ಕಾಗಲ್ಲ. ಕೇಳಬೇಕಾದವರು ಹೋದರು."

ಅವನು ತಲೆಯಾಡಿಸಿದ. ವಾದ ಮಾಡಲಿಲ್ಲ, ಕ್ಷಮಿಸು ಎಂದು ಕಾಲಿಗೂ ಬೀಳಲಿಲ್ಲ. ಅದೊಂದು ಷಮೀಮಳಿಗೆ ಹಿಡಿಸಿತು. ಹೊರಡಬೇಕೆಂದು ಚೀಲ ತೆಗೆದುಕೊಂಡಳು. ಮತ್ತೆ ಕೆಳಗಿಟ್ಟಳು. ಇಷ್ಟು ವರ್ಷ ಯಾವ ಸಂಬಂಧ ಬಂದರೂ ಯಾಕೆ ಬೇಡ ಅಂದಳು ಎಂಬುದು ಅವಳಿಗೇ ಗೊತ್ತಿಲ್ಲವೇ? ಸಿಟ್ಟೂ ಇವನ ಮೇಲೆಯೇ, ಮನಸ್ಸೂ ಇವನ ಮೇಲೆಯೇ.

"ಮದುವೆ ಆಗಿಲ್ವಾ?" ಎಂದಳು, ಗೋಡೆಯ ಕಾರ್ಡುಗಳನ್ನು ನೋಡುತ್ತಾ.

"ಇಲ್ಲ. ನೀವು?"

"ಇಲ್ಲ."

"ಷಮೀಮ್... ನನ್ನ ಮದುವೆ ಆಗ್ತೀಯಾ?"

ಒಂದೇ ಸಾಲು. ಹಿಂದಿಲ್ಲ, ಮುಂದಿಲ್ಲ. ಅವಳು ಒದ್ದೆ ಹಾಳೆಯ ಮೇಲೆ ಬೆರಳಿಟ್ಟಳು.

"ನಾನು ಬರೆದದ್ದನ್ನ ನೀವು ಮುಟ್ಟಬಾರದು. ಒಂದು ಚುಕ್ಕೆನೂ."

"ಮುಟ್ಟಲ್ಲ."

"ನೀವು ಮತ್ತೆ ಬರೀಬೇಕು. ಅದನ್ನ ನಾನು ಹೊಡೀತೀನಿ."

"ಹೊಡಿ."

"ಇನ್ನೊಂದು." ಅವಳು ಅವನ ಕಡೆ ತಿರುಗಿದಳು. "ನಾನು ನಿಮ್ಮನ್ನ ಕ್ಷಮಿಸಿಲ್ಲ."

"ಗೊತ್ತು."

"ಎಷ್ಟು ವರ್ಷ ಬೇಕೋ ಗೊತ್ತಿಲ್ಲ. ಆಗದೇನೂ ಇರಬಹುದು."

"ಇರ್ಲಿ," ಎಂದ ಸಾದಿಕ್. "ಒಂದೇ ಮನೇಲಿ ಇರ್ತೀವಲ್ಲ. ಆದ ದಿನ ಹೇಳು."